ಖಾಲಿ ಚೌಕಗಳ ಕೆಳಗಿನ ಸಹಿ

ಆಸ್ಪತ್ರೆ, ಎರಡನೇ ಮಹಡಿ, ಲಿಫ್ಟಿನ ಎದುರಿನ ಬೆಂಚು
ಮಂಗಳವಾರ, ಬೆಳಿಗ್ಗೆ ಹತ್ತೂಕಾಲು

ಪ್ರೀತಿಯ ಅಕ್ಕನಿಗೆ,

‘ಪ್ರೀತಿಯ’ ಎಂದು ಬರೆದದ್ದನ್ನು ನೋಡಿ ಇವಳು ಮೆತ್ತಗಾದಳು ಎಂದುಕೊಳ್ಳಬೇಡ. ಕಾಗದ ಬರೆಯುವಾಗ ಹಾಗೇ ಶುರು ಮಾಡಬೇಕು ಎಂದು ಚಿಕ್ಕವಳಿದ್ದಾಗ ಕಿವಿ ಹಿಂಡಿ ಕಲಿಸಿದವಳು ನೀನು. ಆ ಒಂದು ಪದವನ್ನು ಕೈ ತಾನಾಗಿ ಬರೆಯಿತು. ಇನ್ನು ಮುಂದಿನದೆಲ್ಲ ನನ್ನದು.

ನೀನು ಮಲಗಿರುವ ಮಂಚಕ್ಕೂ ನಾನು ಕೂತಿರುವ ಬೆಂಚಿಗೂ ನಡುವೆ ಇರುವುದು ಒಂದು ಗೋಡೆ. ಎದ್ದು ಬಂದು ಎಂದಿನ ಹಾಗೆ ಸ್ಲೇಟು ಹಿಡಿಯಬಹುದಿತ್ತು. ಆದರೆ ಸ್ಲೇಟಿನಲ್ಲಿ ಹಿಡಿಸುವುದು ನಾಲ್ಕೇ ಸಾಲು, ಅದರಲ್ಲೂ ಎರಡನೇ ಸಾಲು ಬರೆಯುವಷ್ಟರಲ್ಲಿ ನೀನು ‘ಗೊತ್ತಾಯ್ತು ಬಿಡು’ ಅನ್ನುತ್ತೀಯ. ಇವತ್ತು ನಿನಗೆ ಅಷ್ಟು ಬೇಗ ಗೊತ್ತಾಗುವುದು ನನಗೆ ಬೇಕಿಲ್ಲ. ನಡೆದರೆ ಶೂ ಕೀಚ್ ಕೀಚ್ ಅನ್ನುವ ಆ ನರ್ಸಮ್ಮನ ಕೈಯಲ್ಲಿ ಈ ಹಾಳೆಗಳನ್ನೂ ನಿನ್ನ ಕನ್ನಡಕವನ್ನೂ ಒಂದು ಪೆನ್ನನ್ನೂ ಕಳಿಸುತ್ತೇನೆ. ಪೆನ್ನು ಯಾಕೆ ಎನ್ನುವುದು ಕೊನೆಗೆ ತಿಳಿಯುತ್ತದೆ. ಪುಟ ಹಾರಿಸಬೇಡ.

ಬೆಳಿಗ್ಗೆ ಒಂಬತ್ತಕ್ಕೆ ಉದ್ದ ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದರು. ಮೂರು ವರ್ಷದ ಹಿಂದೆ ನನ್ನ ಕೊರಳು ಕೊಯ್ದ ಅದೇ ಡಾಕ್ಟರು. ಕೂದಲು ಬೆಳ್ಳಗಾಗಿದೆ, ಬಾಗಿಲಲ್ಲಿ ತಲೆ ತಗ್ಗಿಸುವ ಅಭ್ಯಾಸ ಹಾಗೇ ಇದೆ. ನಿನ್ನ ಬಲಗಡೆಯ ಎದೆಯಲ್ಲಿರುವುದು ಅವರು ಅಂದುಕೊಂಡದ್ದೇ ಅಂತೆ. ನಾಳೆ ಬೆಳಿಗ್ಗೆ ಮೊದಲ ಆಪರೇಷನ್ನು ನಿನ್ನದು. ಒಂದು ಹಾಳೆಯ ಹಿಂಭಾಗದಲ್ಲಿ ಚಿತ್ರ ಬರೆದು ಎರಡು ದಾರಿ ತೋರಿಸಿದರು. ಒಂದು, ಎದೆಯನ್ನು ಪೂರ್ತಿ ತೆಗೆದು ಕಂಕುಳಿನ ಗಂಟುಗಳನ್ನೂ ತೆಗೆದುಬಿಡುವುದು. ಒಂದೇ ಏಟಿಗೆ ಮುಗಿಯುತ್ತದೆ, ಆದರೆ ಬಲಗೈ ಊದಿಕೊಳ್ಳಬಹುದು, ಭಾರ ಎತ್ತಲು ಆಗದೇ ಹೋಗಬಹುದು. ಇನ್ನೊಂದು, ಗಡ್ಡೆಯನ್ನಷ್ಟೇ ತೆಗೆದು ಆರು ವಾರ ದಿನಾ ಬಂದು ಯಂತ್ರದ ಕೆಳಗೆ ಮಲಗುವುದು. ಕೈ ಉಳಿಯುವ ಸಂಭವ ಹೆಚ್ಚು, ಆದರೆ ಆಮೇಲೆ ಪ್ರತಿ ತಪಾಸಣೆಗೂ ಎದೆ ಡವಡವ ಅನ್ನಿಸಿಕೊಂಡೇ ಬರಬೇಕು. ಬದುಕಿ ಉಳಿಯುವ ಮಟ್ಟಿಗೆ ಎರಡೂ ಒಂದೇ ಎಂದರು.

ನಿನ್ನೆಯೇ ನಿನಗೆ ಇದನ್ನೆಲ್ಲ ವಿವರಿಸಿದರಂತೆ. ನೀನು ಪೂರ್ತಿ ಕೇಳಿಸಿಕೊಂಡು, ನನ್ನ ತಂಗೀನ ಕೇಳಿ, ಅವಳು ಹೇಳಿದ್ದೇ ಆಗಲಿ ಎಂದು ಗೋಡೆಯ ಕಡೆ ತಿರುಗಿ ಮಲಗಿದೆಯಂತೆ. ಡಾಕ್ಟರಿಗೆ ಅದು ವಿಚಿತ್ರ ಅನ್ನಿಸಿದ ಹಾಗಿರಲಿಲ್ಲ. ನನಗೆ ಅನ್ನಿಸಿತು. ಯಾರ ಮನೆಯ ಪರದೆಗೆ ಯಾವ ಬಣ್ಣ ಒಪ್ಪುತ್ತದೆ ಎನ್ನುವುದನ್ನೂ ಕೇಳದೆಯೇ ಹೇಳುವವಳು ನೀನು.

ಆಮೇಲೆ ಅವರ ಸಹಾಯಕಿ ಫಾರಂ ತಂದುಕೊಟ್ಟಳು. ಎರಡು ದಾರಿಗೆ ಎರಡು ಚೌಕ, ಒಂದರಲ್ಲಿ ಗುರುತು ಹಾಕಿ ಮಧ್ಯಾಹ್ನ ಒಂದು ಗಂಟೆಯೊಳಗೆ ಕೊಡಬೇಕು. ಚೌಕಗಳು ಖಾಲಿ. ಕೆಳಗೆ ನಿನ್ನ ಸಹಿ, ಕೊನೆಯ ಅಕ್ಷರದ ಬಾಲ ತೋಳಿನ ಕಟಿಂಗಿನ ಹಾಗೆ ಬಾಗಿದ ಸಹಿ. ಬಟ್ಟೆ ಕಾರ್ಖಾನೆಯಲ್ಲಿ ನಲವತ್ತು ಪದರ ಬಟ್ಟೆ ಹಾಸಿದ ಮೇಜಿನ ಮುಂದೆ ನಿಂತು, ಕತ್ತರಿ ಹಾಕುವ ಮೊದಲು ಮೂರು ಸಲ ಅಳೆದು, ನಾಲ್ಕನೇ ಸಲ ಟೇಪನ್ನೇ ಅನುಮಾನಿಸುವ ಕಟಿಂಗ್ ಮಾಸ್ಟರಮ್ಮ ಖಾಲಿ ಚೌಕದ ಕೆಳಗೆ ಸಹಿ ಹಾಕಿದ್ದಾಳೆ. ನಾನು ಆ ಹಾಳೆಯನ್ನು ಹಿಡಿದುಕೊಂಡು ಈ ಬೆಂಚಿನ ಮೇಲೆ ಕೂತೆ, ಕೂತು ನಕ್ಕೆ. ಧ್ವನಿಪೆಟ್ಟಿಗೆ ಇಲ್ಲದವಳು ನಕ್ಕರೆ ಕೊರಳಿನ ತೂತಿನಿಂದ ಗಾಳಿ ಬುಸ್ ಅನ್ನುತ್ತದೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಆಚೆ ಬೆಂಚಿಗೆ ಹೋದರು.

ಅಕ್ಕಾ, ಈ ಗಳಿಗೆಗಾಗಿ ನಾನು ಎರಡೂವರೆ ವರ್ಷದಿಂದ ಕಾದಿದ್ದೇನೆ. ನಿನಗೆ ಕಾಯಿಲೆ ಬರಲಿ ಎಂದು ಬಯಸಲಿಲ್ಲ, ಅಷ್ಟು ಕೆಟ್ಟವಳಲ್ಲ. ಆದರೆ ಒಂದು ದಿನ ನಿನ್ನದೇನಾದರೂ ನನ್ನ ಕೈಗೆ ಸಿಗಲಿ ಎಂದು ಬಯಸಿದ್ದೆ. ಇಷ್ಟು ದೊಡ್ಡದು ಸಿಗುತ್ತದೆ ಎಂದುಕೊಂಡಿರಲಿಲ್ಲ.

ನನ್ನದೇನು ಹೋಯಿತು ಎಂದು ಒಂದು ಸಲವಾದರೂ ನಿನಗೆ ಬಿಡಿಸಿ ಹೇಳಬೇಕು. ಇಪ್ಪತ್ತಾರು ವರ್ಷ ರೈಲ್ವೆ ಸ್ಟೇಷನ್ನಿನ ಗಾಜಿನ ಗೂಡಿನಲ್ಲಿ ಕೂತು ಗಾಡಿಗಳು ಬರುವುದು ಹೋಗುವುದನ್ನು ಮೈಕಿನಲ್ಲಿ ಹೇಳಿದವಳು ನಾನು. ನನ್ನ ಮುಖ ಯಾರಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಒಂದು ಸೋಪು ಕೊಡಿ ಎಂದರೆ ಪಕ್ಕದವರು ತಿರುಗಿ ನೋಡುತ್ತಿದ್ದರು, ಕೆಲವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಬಣ್ಣ ಕಡಿಮೆ, ಎತ್ತರ ಕಡಿಮೆ, ಓದು ಕಡಿಮೆ ಎಂದು ನೀನೇ ಬಂದವರ ಮುಂದೆ ನಗುತ್ತಾ ಹೇಳುತ್ತಿದ್ದೆಯಲ್ಲ, ಎಲ್ಲ ಕಡಿಮೆಯ ನಡುವೆ ನನಗೆ ಇದ್ದದ್ದು ಅದೊಂದು. ಅದು ನಿನ್ನ ಕೈಯಿಂದ ಬಂದದ್ದಲ್ಲ, ನೀನು ಹೊಲಿದು ಕೊಟ್ಟದ್ದಲ್ಲ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಆಸೆ.

ಧ್ವನಿ ಒಡೆಯಲು ಶುರುವಾದಾಗ ಧೂಳು ಎಂದುಕೊಂಡೆ. ಬಿಸಿನೀರು ಕುಡಿದೆ. ನೀನು ಬಲವಂತ ಮಾಡಿ ಇಲ್ಲಿಗೆ ಕರೆತಂದೆ, ಅದಕ್ಕೆ ನಿನಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ಆಮೇಲೆ ಏನಾಯಿತು ಎನ್ನುವುದು ನನಗೆ ಆರು ತಿಂಗಳ ನಂತರ ತಿಳಿಯಿತು. ತಪಾಸಣೆಗೆ ಬಂದಿದ್ದೆವು. ನೀನು ಔಷಧಿ ಕಿಟಕಿಯ ಸಾಲಿನಲ್ಲಿ ನಿಂತಿದ್ದೆ, ನನ್ನ ತೊಡೆಯ ಮೇಲೆ ಫೈಲು ಇತ್ತು. ಬೇಸರಕ್ಕೆ ತೆಗೆದು ಓದಿದೆ. ಎರಡು ದಾರಿ ವಿವರಿಸಲಾಗಿದೆ ಎಂದು ಬರೆದಿತ್ತು. ಔಷಧಿಯನ್ನೂ ಕಿರಣವನ್ನೂ ಕೊಟ್ಟು ಧ್ವನಿ ಉಳಿಸಲು ನೋಡುವುದು ಒಂದು. ಅದರಲ್ಲಿ ಗಡ್ಡೆ ಮತ್ತೆ ಬರುವ ಭಯ ಸ್ವಲ್ಪ ಹೆಚ್ಚು. ಧ್ವನಿಪೆಟ್ಟಿಗೆಯನ್ನೇ ತೆಗೆಯುವುದು ಇನ್ನೊಂದು. ಕೆಳಗೆ ಒಂದೇ ಸಾಲು, ರೋಗಿಯ ಅಕ್ಕ ಶಸ್ತ್ರಚಿಕಿತ್ಸೆಯನ್ನು ಆರಿಸಿದ್ದಾರೆ. ನಾನು ಆ ಸಾಲನ್ನು ಗಾಡಿಯ ನಂಬರು ಓದುವ ಹಾಗೆ ಮೂರು ಸಲ ಓದಿದೆ. ನನ್ನನ್ನು ಯಾರೂ ಕೇಳಲಿಲ್ಲ.

ನಿನಗೆ ಬಟ್ಟೆಯಲ್ಲಿ ಒಂದು ಅಭ್ಯಾಸವಿದೆ. ಥಾನಿನಲ್ಲಿ ಎಲ್ಲಾದರೂ ನೂಲು ಕಿತ್ತಿದ್ದರೆ, ಕಲೆ ಇದ್ದರೆ, ಬೇರೆ ಮಾಸ್ಟರುಗಳು ಅದನ್ನು ಜೇಬಿನ ಒಳಗೋ ಮಡಿಕೆಯ ಕೆಳಗೋ ಬರುವ ಹಾಗೆ ನೋಡಿ ಬಟ್ಟೆ ಉಳಿಸುತ್ತಾರೆ. ನೀನು ಹಾಗಲ್ಲ. ಕಲೆಯ ಸುತ್ತ ಎರಡು ಬೆರಳು ಜಾಸ್ತಿ ಬಿಟ್ಟು ಪೂರ್ತಿ ಕತ್ತರಿಸಿ ಬಿಸಾಡುತ್ತೀಯ. ನಿನ್ನ ಕೋಟುಗಳು ಹತ್ತು ವರ್ಷ ಆದರೂ ಕಿತ್ತು ಬರುವುದಿಲ್ಲ ಎಂದು ಕಾರ್ಖಾನೆಯವರು ನಿನ್ನನ್ನು ತಲೆಯ ಮೇಲೆ ಕೂರಿಸಿಕೊಂಡರು. ನಿನ್ನ ಜೊತೆ ಹುಟ್ಟಿದವಳ ಗಂಟಲಿಗೂ ಅದೇ ಕಾಯಿದೆ ಹಾಕಿದೆ. ಎರಡು ಬೆರಳು ಜಾಸ್ತಿ ಬಿಟ್ಟು ತೆಗೆಸಿಬಿಟ್ಟೆ.

ಇದು ಮೊದಲನೆಯದೂ ಅಲ್ಲ. ಪಾರ್ಸೆಲ್ ಆಫೀಸಿನ ಗುಮಾಸ್ತ ನೆನಪಿದ್ದಾನಾ? ನನ್ನ ಧ್ವನಿ ಕೇಳಲೆಂದೇ ಊಟದ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿನ ಕೊನೆಗೆ ಬಂದು ನಿಲ್ಲುತ್ತಿದ್ದವನು. ಮನೆಗೆ ಬಂದು ನಿನ್ನೆದುರು ಕೈಕಟ್ಟಿ ಕೂತ. ನೀನು ಅವನಿಗೆ ಒಂದು ಲೋಟ ಚಹಾ ಕೊಟ್ಟು, ಎರಡು ಸಲ ಕೆಮ್ಮಿದ್ದನ್ನು ಎಣಿಸಿ, ಇಲ್ಲಪ್ಪ ಆಗಲ್ಲ ಎಂದು ಕಳಿಸಿದೆ. ಅವನು ಈಗ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾನೆ, ಕೆಮ್ಮುವುದಿಲ್ಲ. ಆಗಲೂ ನನ್ನನ್ನು ಯಾರೂ ಕೇಳಲಿಲ್ಲ.

ಫೈಲು ಓದಿದ ದಿನ ನಾನು ಏನೂ ಹೇಳಲಿಲ್ಲ. ಹೇಳಲು ಗಂಟಲಿರಲಿಲ್ಲ, ಬರೆಯಲು ಮನಸ್ಸಿರಲಿಲ್ಲ. ಬಸ್ಸಿನಲ್ಲಿ ನಿನ್ನ ಪಕ್ಕ ಕೂತು, ಇವಳಿಗೆ ಹೇಗೆ ಮಾಡಿದರೆ ಉರಿಯುತ್ತದೆ ಎಂದು ಯೋಚಿಸುತ್ತಾ ಮನೆಗೆ ಬಂದೆ.

ನಿನಗೆ ಗೊತ್ತಿರುವ ಸೇಡುಗಳನ್ನು ಮೊದಲು ಹೇಳುತ್ತೇನೆ. ಸ್ಟೇಷನ್ನಿನಲ್ಲಿ ಹೊಸ ಯಂತ್ರ ಬಂದಾಗ ಮೈಕಿನ ಮೆಕ್ಯಾನಿಕ್ಕು ನನ್ನ ಹಳೆಯ ಧ್ವನಿ ಇರುವ ಹನ್ನೆರಡು ಗುಂಡಿಯ ಪೆಟ್ಟಿಗೆಯನ್ನು ತಂದುಕೊಟ್ಟನಲ್ಲ, ಬ್ಯಾಟರಿಯದು. ಒಂದೊಂದು ಗುಂಡಿಗೆ ಒಂದೊಂದು ಮಾತು. ಶುರುವಿನಲ್ಲಿ ಅದು ನಮ್ಮಿಬ್ಬರಿಗೂ ಆಟ. ಊಟಕ್ಕೆ ಬಾರೇ ಎಂದು ನೀನು ಕೂಗಿದರೆ, ‘ತಡವಾಗಿ ಆಗಮಿಸಲಿದೆ’ ಎಂದು ಒತ್ತುತ್ತಿದ್ದೆ, ನೀನು ಅಡುಗೆಮನೆಯಲ್ಲಿ ನಗುತ್ತಿದ್ದೆ. ನೋಡಲು ಬಂದವರಿಗೆ ನೀನು ನನ್ನ ಪರವಾಗಿ ಮಾತಾಡುವುದು ಆಗಲೇ ಶುರುವಾಗಿತ್ತು. ನಿವೃತ್ತ ಸ್ಟೇಷನ್ ಮಾಸ್ತರರು ಬಂದು ಹೇಗಿದ್ದೀಯಮ್ಮ ಎಂದಾಗ ನಾನು ಸ್ಲೇಟಿನ ಮೇಲೆ ‘ಬೇಜಾರು’ ಎಂದು ಬರೆದೆ. ನೀನು ಅದನ್ನು ಓದಿ, ಆರಾಮಾಗಿದ್ದಾಳಂತೆ, ಮನೆಯವರನ್ನೆಲ್ಲ ಕೇಳಿದ್ದಾಳೆ ಎಂದೆ. ಮಾಸ್ತರರಿಗೆ ಕಣ್ಣು ಮಂದ, ನಂಬಿದರು. ನಾನು ‘ರದ್ದಾಗಿದೆ’ ಒತ್ತಿದೆ. ಅವರು ಕುರ್ಚಿಯಿಂದ ಅರ್ಧ ಎದ್ದು, ಯಾವ ಗಾಡಿ ಎಂದು ಕೇಳಿದರು.

ಫೈಲು ಓದಿದ ಮೇಲೆ ಅದು ಆಟವಾಗಿ ಉಳಿಯಲಿಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ನೀನು ನೀರು ಕುದಿಸಿ, ಕೈ ತೊಳೆದು, ನನ್ನ ಕೊರಳಿನ ನಳಿಗೆಯನ್ನು ತೆಗೆದು ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ಸರಿಯಾಗಿ ಆ ಹೊತ್ತಿಗೆ ನಾನು ‘ದಯವಿಟ್ಟು ಗಮನಿಸಿ’ ಒತ್ತುತ್ತಿದ್ದೆ. ಮತ್ತೆ ಒತ್ತುತ್ತಿದ್ದೆ. ಮತ್ತೆ. ನನ್ನ ಚೆಂದದ, ಉಸಿರು ತುಂಬಿದ, ಮೂವತ್ತು ವರ್ಷದ ವಯಸ್ಸಿನ ಧ್ವನಿ. ಕೈಯಲ್ಲಿ ನಳಿಗೆ ಹಿಡಿದುಕೊಂಡು ನೀನು ತಲೆ ಎತ್ತುತ್ತಿರಲಿಲ್ಲ. ನೀನು ತೆಗೆಸಿ ಬಿಸಾಡಿದ್ದನ್ನು ದಿನಾ ನಿನ್ನ ಕಿವಿಗೆ ಹಾಕಬೇಕು, ಅಷ್ಟೇ ನನಗೆ ಬೇಕಾಗಿದ್ದದ್ದು. ನಿನ್ನ ಕತ್ತಿನ ನರ ಬಿಗಿಯುವುದನ್ನು ನೋಡಿ ನನಗೆ ಹೊಟ್ಟೆ ತಣ್ಣಗಾಗುತ್ತಿತ್ತು. ಸುಳ್ಳು ಹೇಳುವುದಿಲ್ಲ, ಮಜ್ಜಿಗೆ ಕುಡಿದದ್ದಕ್ಕಿಂತ ಚೆನ್ನಾಗಿ ತಣ್ಣಗಾಗುತ್ತಿತ್ತು.

ಕೊರಳಪಟ್ಟಿಗಳ ವಿಷಯವೂ ನಿನಗೆ ಗೊತ್ತು. ತೂತು ಮುಚ್ಚಿಕೊಳ್ಳಲೆಂದು ನವಿರು ಬಟ್ಟೆಯಲ್ಲಿ, ನನ್ನ ಒಂದೊಂದು ಉಡುಪಿಗೂ ಹೊಂದುವ ಬಣ್ಣದಲ್ಲಿ, ನೀನು ನಲವತ್ತು ಪಟ್ಟಿ ಹೊಲಿದೆ. ಕಾರ್ಖಾನೆಯಿಂದ ಬಂದು, ಕಾಲು ಊದಿಕೊಂಡಿದ್ದರೂ ಕೂತು ಹೊಲಿದೆ. ಅಂಚಿಗೆ ಕಣ್ಣಿಗೆ ಕಾಣದ ಹೊಲಿಗೆ. ನಾನು ನಲವತ್ತನ್ನೂ ಟ್ರಂಕಿನ ತಳಕ್ಕೆ ಹಾಕಿ, ಆಸ್ಪತ್ರೆಯ ಬಿಳಿ ಬ್ಯಾಂಡೇಜು ಬಟ್ಟೆಯನ್ನೇ ಕಟ್ಟಿಕೊಂಡು ಬೀದಿಯಲ್ಲಿ ತಿರುಗಿದೆ. ಯಾರಾದರೂ ಕೊರಳು ನೋಡಿದರೆ ನಿನ್ನ ಮುಖವನ್ನೂ ನೋಡಲಿ ಎಂದು.

ಈಗ ನಿನಗೆ ಗೊತ್ತಿಲ್ಲದ್ದು. ಮಾತಿನ ಮೇಷ್ಟ್ರ ಹತ್ತಿರ ಒಂಬತ್ತು ತಿಂಗಳು ನನ್ನನ್ನು ಕಳಿಸಿದೆ. ಅವರಿಗೂ ನನ್ನ ಹಾಗೆ ಕೊರಳಲ್ಲಿ ತೂತು. ಗಾಳಿಯನ್ನು ನುಂಗಿ, ತೇಗಿನ ಹಾಗೆ ಮೇಲೆ ತಂದು, ಅದರಲ್ಲೇ ಪದ ಕಟ್ಟುವುದನ್ನು ಕಲಿಸುತ್ತಾರೆ. ಗಟ್ಟಿ ಅಕ್ಷರಗಳು ಮೊದಲು ಬರುತ್ತವೆ ಎಂದು ಅವರು ಎಲ್ಲರಿಗೂ ಮೊದಲ ದಿನ ಎರಡು ಪದ ಕೊಡುತ್ತಾರೆ. ಒಂದು ಕತ್ತೆ. ಇನ್ನೊಂದು ಅಕ್ಕ. ನನಗೂ ಕೊಟ್ಟರು. ನಾನು ಎದ್ದು ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ. ಆಮೇಲಿನ ಪಾಠಗಳಿಗೂ ಹೋದೆ, ಕೂತೆ, ಬಾಯಿ ತೆರೆಯಲಿಲ್ಲ. ನಿನಗೆ ಸ್ಲೇಟಿನಲ್ಲಿ ‘ಆಗುವುದಿಲ್ಲ’ ಎಂದು ಬರೆದು ತೋರಿಸಿದೆ. ನೀನು ಮೇಷ್ಟ್ರ ಕೈಕಾಲು ಹಿಡಿದೆ, ಇನ್ನೊಂದು ತಿಂಗಳು ನೋಡಿ ಎಂದು ಬೇಡಿಕೊಂಡೆ. ಯಾರನ್ನೂ ಬೇಡದವಳು ಬೇಡಿದ್ದನ್ನು ಬಾಗಿಲ ಸಂದಿನಿಂದ ನೋಡಿದೆ. ಆಗುವುದಿಲ್ಲ ಎಂದದ್ದು ಸುಳ್ಳು. ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಒಬ್ಬಳೇ ಅಭ್ಯಾಸ ಮಾಡಿದೆ. ಕತ್ತೆ ಬಂತು. ಚೆನ್ನಾಗಿಯೇ ಬಂತು, ಕನ್ನಡಿಯಲ್ಲಿ ನೋಡಿಕೊಂಡು ನೂರು ಸಲ ಹೇಳಿದೆ. ಇನ್ನೊಂದನ್ನು ಹೇಳಬಾರದು ಎಂದು ಹಟ ಹಿಡಿದೆ. ಮನೆಯೊಳಗೆ ನಾನು ಮೂಗಿಯಾಗಿಯೇ ಇರಬೇಕು, ಅದನ್ನು ನೀನು ದಿನಾ ನೋಡಬೇಕು. ನನ್ನ ಬಾಯಿಯನ್ನು ನಾನೇ ಹೊಲಿದುಕೊಂಡು ನಿನಗೆ ಶಿಕ್ಷೆ ಕೊಟ್ಟೆ.

ಹೀಗಿರುವಾಗ ನಿನ್ನ ಬಟ್ಟೆ ನನ್ನ ಕಣ್ಣಿಗೆ ಬಿತ್ತು. ಹೊಲಿಗೆಯ ತಲೆಬುಡ ತಿಳಿಯದವಳು ನಾನು. ಆದರೂ ಇಸ್ತ್ರಿ ಮಾಡುವಾಗ ಕಂಡಿತು, ಬಲಗಡೆಯ ಪಕ್ಕದ ಹೊಲಿಗೆಯನ್ನು ಒಂದು ಬೆರಳಿನಷ್ಟು ಬಿಚ್ಚಿ ಅಗಲ ಮಾಡಿದ್ದೆ. ಎಡಗಡೆ ಹಾಗೇ ಇತ್ತು. ಮೂರು ಉಡುಪಿನಲ್ಲೂ ಹಾಗೇ. ಯಾಕೆ ಎಂದು ಸ್ಲೇಟಿನಲ್ಲಿ ಬರೆದೆ. ದಪ್ಪ ಆದೆ ಕಣೇ ಎಂದೆ. ಒಂದೇ ಕಡೆನಾ ಎಂದು ಬರೆದೆ. ನೀನು ಸ್ಲೇಟನ್ನು ಒರೆಸಿ ಗೋಡೆಗೆ ಆನಿಸಿಟ್ಟು ಕೆಲಸಕ್ಕೆ ಹೋದೆ. ನಾಲ್ಕು ತಿಂಗಳಿಂದ ನಿನಗೆ ಗೊತ್ತಿತ್ತು. ಆ ನಾಲ್ಕು ತಿಂಗಳಲ್ಲಿ ನನ್ನನ್ನು ತಪಾಸಣೆಗೆಂದು ಇದೇ ಮಹಡಿಗೆ ಎರಡು ಸಲ ಕರೆತಂದಿದ್ದೆ, ಇದೇ ಬೆಂಚಿನ ಮೇಲೆ ಕೂತಿದ್ದೆ, ನಿನ್ನ ಗಡ್ಡೆಯ ಬಗ್ಗೆ ತುಟಿ ಪಿಟಕ್ ಎನ್ನಲಿಲ್ಲ. ಅವತ್ತು ಸಂಜೆಯಿಂದ ನೀನು ಡಾಕ್ಟರಿಗೆ ತೋರಿಸಲು ಒಪ್ಪುವವರೆಗೆ ನಾನು ‘ದಯವಿಟ್ಟು ಗಮನಿಸಿ’ ಗುಂಡಿಯ ಮೇಲಿನಿಂದ ಕೈ ತೆಗೆಯಲಿಲ್ಲ. ಆ ಒಂದು ಸಲ ಅದನ್ನು ಸೇಡಿಗೆ ಒತ್ತಲಿಲ್ಲ. ಇದನ್ನು ನೀನು ನಂಬಬಹುದು, ಬಿಡಬಹುದು.

ಈಗ ಫಾರಮ್ಮಿನ ಮಾತು. ಎಡಗಡೆಯ ಚೌಕ ಎಂದರೆ ಪೂರ್ತಿ ತೆಗೆಯುವುದು. ಅದರ ಮೇಲೆ ನಾನು ಪೆನ್ನು ಇಟ್ಟೆ. ನಿನ್ನ ಆ ಕಪ್ಪು ಕತ್ತರಿ ಕಣ್ಣಮುಂದೆ ಬಂತು. ಮೂವತ್ತೈದು ವರ್ಷದಿಂದ ನಿನ್ನ ಹೆಬ್ಬೆರಳಿನ ಅಚ್ಚಿಗೆ ಸವೆದಿರುವ ಹಿಡಿ, ಇನ್ನೊಬ್ಬರು ಮುಟ್ಟಿದರೆ ನೀನು ಹುಬ್ಬು ಗಂಟಿಕ್ಕುವ ಕತ್ತರಿ. ಎರಡು ಕೈಯಲ್ಲಿ ಎತ್ತಬೇಕಾದ ಭಾರ ಅದು, ನೀನು ಒಂದೇ ಕೈಯಲ್ಲಿ ಆಡಿಸುತ್ತೀಯ. ಒಂದು ಗುರುತು ಹಾಕಿದರೆ ಆ ಕತ್ತರಿ ಮೊಳೆಗೆ ನೇತುಬೀಳಬಹುದು. ನನ್ನ ಧ್ವನಿಗೆ ನಿನ್ನ ಕೈ. ಕೇಳಿದವರು ಯಾರೂ ನನ್ನನ್ನು ಬೈಯುವ ಹಾಗಿಲ್ಲ, ಅಕ್ಕನ ಜೀವ ಮುಖ್ಯ ಎಂದುಕೊಂಡಳು ಪಾಪ, ಎನ್ನುತ್ತಾರೆ. ನಿನ್ನ ಬಗ್ಗೆಯೂ ಹಾಗೇ ಅಂದಿದ್ದರು.

ಪೆನ್ನಿನ ಮುಳ್ಳು ಕಾಗದಕ್ಕೆ ತಾಗಿ ಒಂದು ಚುಕ್ಕೆ ಬಿತ್ತು. ಅಲ್ಲಿಗೆ ನಿಲ್ಲಿಸಿದೆ. ಕರುಣೆಯಿಂದ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೀನು ಯಾಕೆ ಖಾಲಿ ಚೌಕಕ್ಕೆ ಸಹಿ ಹಾಕಿದ್ದು ಎಂದು ನನಗೆ ಆ ಚುಕ್ಕೆಯ ಹತ್ತಿರ ಹೊಳೆಯಿತು. ಎಡಕ್ಕೆ ಹಾಕಿದರೆ ಲೆಕ್ಕ ಸಮ ಆಯಿತು ಎಂದು ನೀನು ಮೂರು ವರ್ಷದ ಮೇಲೆ ಮೊದಲ ಸಲ ನೆಮ್ಮದಿಯಾಗಿ ಮಲಗುತ್ತೀಯ. ಬಲಕ್ಕೆ ಹಾಕಿದರೆ, ನನ್ನ ತಂಗಿಯದು ದೊಡ್ಡ ಮನಸ್ಸು ಎಂದು ಬಂದವರಿಗೆಲ್ಲ ಹೇಳಿಕೊಂಡು ತಿರುಗುತ್ತೀಯ. ಹೇಗೆ ಬಿದ್ದರೂ ನಿನಗೆ ಒಂದು ಸುಖ ಸಿಗುತ್ತದೆ. ನಿನ್ನ ಕುತ್ತಿಗೆಯನ್ನು ನನ್ನ ಕೈಗೆ ಕೊಟ್ಟು ನೀನು ಹಗುರಾಗಲು ನೋಡಿದೆ. ಆ ಸುಖವನ್ನು ನಾನು ಕೊಡುವುದಿಲ್ಲ ಅಕ್ಕಾ.

ನಿನ್ನ ಸಹಿ ಇದ್ದ ಹಾಳೆಯನ್ನು ನಾಲ್ಕು ತುಂಡು ಮಾಡಿ ಲಿಫ್ಟಿನ ಪಕ್ಕದ ಬುಟ್ಟಿಗೆ ಹಾಕಿದೆ. ಸಹಾಯಕಿಯ ಹತ್ತಿರ ಹೋಗಿ ಹೊಸ ಫಾರಂ ಕೇಳಿದೆ. ಹಳೆಯದೇನಾಯ್ತು ಎಂದಳು, ಸ್ಲೇಟಿನಲ್ಲಿ ‘ರದ್ದಾಗಿದೆ’ ಎಂದು ಬರೆದೆ. ಹೊಸ ಫಾರಂ ಈ ಪತ್ರದ ಹಿಂದೆ ಪಿನ್ನು ಹಾಕಿದೆ. ಎರಡು ಚೌಕವೂ ಖಾಲಿ, ಸಹಿಯ ಜಾಗವೂ ಖಾಲಿ. ಡಾಕ್ಟರು ಬರೆದ ಚಿತ್ರವನ್ನೂ ಇಟ್ಟಿದ್ದೇನೆ. ನಿನ್ನ ಮೈ, ನಿನ್ನ ಕೈ. ಮೂರು ಸಲ ಅಳೆ. ನೀನೇ ಗುರುತು ಹಾಕು. ಇಷ್ಟು ವರ್ಷ ಬೇರೆಯವರ ಬಟ್ಟೆಗೆ ಕತ್ತರಿ ಹಾಕಿದವಳು ಒಂದು ಸಲ ನಿನ್ನದಕ್ಕೆ ಹಾಕಿ ನೋಡು. ನಾಳೆ ಹೇಗಾದರೂ ಆಗಲಿ, ಇವಳು ಮಾಡಿದ್ದು ಎಂದು ಬೆರಳು ತೋರಿಸಲು ನಿನಗೆ ಯಾರೂ ಸಿಗಬಾರದು. ಸಿಟ್ಟು ಮಾಡಿಕೊಳ್ಳಲು ಒಬ್ಬರೂ ಇಲ್ಲದೆ ಕಾಯಿಲೆ ಅನುಭವಿಸುವುದು ಎಷ್ಟು ಕಷ್ಟ ಎಂದು ನಿನಗೆ ಗೊತ್ತಾಗಲಿ. ಇದೇ ನನ್ನ ಸೇಡು, ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಇಲ್ಲ.

ಆಮೇಲಿನದಕ್ಕೂ ಸಿದ್ಧವಾಗಿರು. ಎಡಕ್ಕೆ ಹಾಕಿದರೆ ನಿನ್ನ ತಲೆ ಬಾಚುವವಳು ನಾನು, ಚಮಚದಲ್ಲಿ ತಿನ್ನಿಸುವವಳು ನಾನು, ಬಿಸಿ ಜಾಸ್ತಿ ಎಂದರೂ ಊದುವುದಿಲ್ಲ, ಊದಲು ನನ್ನ ಬಾಯಲ್ಲಿ ಗಾಳಿ ಬರುವುದಿಲ್ಲ. ಬಲಕ್ಕೆ ಹಾಕಿದರೆ ಆರು ವಾರ ದಿನಾ ಬಸ್ಸಿನಲ್ಲಿ ನಿನ್ನ ಜೊತೆ ಬರುತ್ತೇನೆ, ಕಿಟಕಿ ಸೀಟು ನನ್ನದು. ನೋಡಲು ಬಂದವರು ಹೇಗಿದ್ದಾಳೆ ಎಂದು ಕೇಳಿದರೆ ನೀನು ಬಾಯಿ ತೆರೆಯುವ ಮೊದಲೇ ಸ್ಲೇಟಿನಲ್ಲಿ ‘ಆರಾಮಾಗಿದ್ದಾಳೆ, ಮನೆಯವರನ್ನೆಲ್ಲ ಕೇಳಿದ್ದಾಳೆ’ ಎಂದು ಬರೆದು ಹಿಡಿಯುತ್ತೇನೆ. ನೀನು ಹಲ್ಲು ಕಡಿದುಕೊಂಡು ಮಲಗಿರು.

ಒಂದು ಗಂಟೆಯೊಳಗೆ ಫಾರಂ ಕೊಡಬೇಕು, ಮರೆಯಬೇಡ.

ಇಂತಿ,
ನಿನ್ನ ಕೈಯಲ್ಲೇ ಬೆಳೆದ, ನಿನ್ನ ಮೇಲೆ ಸಿಟ್ಟು ಆರದ
ತಂಗಿ

ಸಹಿ ಮಾಡಿದ ಮೇಲೆ ಇನ್ನೊಂದಿಷ್ಟು:

ನರ್ಸಮ್ಮ ಬಂದು ಕೈಚಾಚಿ ನಿಂತಿದ್ದಾಳೆ. ಐದು ನಿಮಿಷ ಎಂದು ಬೆರಳು ತೋರಿಸಿದ್ದೇನೆ.

ಮೇಲೆ ಎರಡು ಸಲ ಬರೆದ ಒಂದು ಮಾತು ಸುಳ್ಳು. ಓದುವಾಗಲೇ ನೀನು ಕಂಡುಹಿಡಿದಿರುತ್ತೀಯ. ನನ್ನನ್ನು ಕೇಳಿದ್ದರು. ಉದ್ದ ಡಾಕ್ಟರು ನನ್ನ ಮಂಚದ ಪಕ್ಕ ಸ್ಟೂಲು ಎಳೆದುಕೊಂಡು ಕೂತು, ನೋಡಮ್ಮ, ಎರಡು ದಾರಿ ಇದೆ ಎಂದು ಶುರು ಮಾಡಿದರು. ನಾನು ಮುಂದಕ್ಕೆ ಬಿಡಲಿಲ್ಲ. ನನಗೆ ಹೇಳಬೇಡಿ, ನನ್ನ ಅಕ್ಕನ್ನ ಕೇಳಿ, ಅವಳು ಹೇಳಿದ್ದೇ ಆಗಲಿ ಎಂದು ಕೈ ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ ಮಲಗಿದೆ. ಹೆದರಿಕೆಯಾಗಿತ್ತು ಅಕ್ಕಾ. ಅವರು ಎದ್ದು ನಿನ್ನ ಹತ್ತಿರ ಬಂದರು. ಗುಮಾಸ್ತನನ್ನು ನಿನ್ನ ಹತ್ತಿರ ಕಳಿಸಿದವಳೂ ನಾನೇ. ಅವನಿಗೂ ಅಂದದ್ದು ಅದೇ ಮಾತು, ಅಕ್ಕನ್ನ ಕೇಳಿ. ನಿನ್ನೆ ನೀನು ಡಾಕ್ಟರಿಗೆ ಅಂದದ್ದನ್ನು ಅವರು ಹೇಳಿದಾಗಲೇ ನನಗೆ ಗುರುತು ಸಿಕ್ಕಿತು. ನನ್ನ ಮಾತನ್ನೇ ತಗೊಂಡು ಹಾಗೇ ನನಗೆ ವಾಪಸ್ಸು ಕೊಟ್ಟಿದ್ದೆ.

ಎರಡೂವರೆ ವರ್ಷ ನಾನು ಆ ಪೆಟ್ಟಿಗೆಯನ್ನು ಒತ್ತಿದೆ, ಪಟ್ಟಿಗಳನ್ನು ಮೂಲೆಗೆ ಹಾಕಿದೆ, ಬಾಯಿ ಬಿಗಿದುಕೊಂಡೆ. ನೀನೇ ತಾನೇ ‘ಅಕ್ಕನ್ನ ಕೇಳಿ’ ಅಂದದ್ದು ಎಂದು ನೀನು ಒಂದು ಸಲ ಅಂದಿದ್ದರೆ ನನ್ನ ಸದ್ದಡಗುತ್ತಿತ್ತು. ನೀನು ಅನ್ನಲಿಲ್ಲ. ತಲೆ ತಗ್ಗಿಸಿಕೊಂಡು ನಳಿಗೆ ತಿಕ್ಕಿದೆ. ನನಗೆ ಸಿಟ್ಟು ಮಾಡಿಕೊಳ್ಳಲು ಒಬ್ಬರು ಬೇಕಾಗಿತ್ತು ಎಂದು ನಿನಗೆ ಗೊತ್ತಿತ್ತು, ಅದಕ್ಕೇ ಬಿಟ್ಟೆ. ಅದಕ್ಕೂ ನಿನ್ನ ಮೇಲೆ ನನಗೆ ಸಿಟ್ಟಿದೆ, ಬಹುಶಃ ಎಲ್ಲಕ್ಕಿಂತ ಹೆಚ್ಚು.

ನಿನ್ನ ಹಾಗೆ ಇನ್ನೊಬ್ಬರ ಸಿಟ್ಟನ್ನು ಹೊರುವ ಶಕ್ತಿ ನನಗಿಲ್ಲ. ಅದಕ್ಕೇ ಫಾರಂ ವಾಪಸ್ಸು ಕಳಿಸಿದ್ದು.

ಪೆಟ್ಟಿಗೆಯನ್ನು ಇವತ್ತು ಮನೆಯಲ್ಲೇ ಬಿಟ್ಟು ಬಂದಿದ್ದೇನೆ. ಸ್ನಾನದ ಕೋಣೆಯ ವಿಷಯದಲ್ಲೂ ಪೂರ್ತಿ ನಿಜ ಹೇಳಲಿಲ್ಲ, ಹೋದ ವಾರದಿಂದ ಎರಡು ಪದ ಬರುತ್ತವೆ. ಗುರುತು ಹಾಕಿ, ಸಹಿ ಮಾಡಿ, ನರ್ಸಮ್ಮನ ಕೈಯಲ್ಲಿ ಹೇಳಿಕಳಿಸು. ಒಳಗೆ ಬಂದು ಒಂದನ್ನು ಹೇಳುತ್ತೇನೆ. ಕತ್ತೆ ಅಲ್ಲ.